ಹದ್ದಿಗೊಂದು ಗೋಡೆ

ಹದ್ದಿನ ಬೆನ್ನು ನೋಡಬೇಕೆಂದರೆ ಶಿವಮೊಗ್ಗದ ತುಂಗಾ ಸೇತುವೆಗೆ ಹೋಗಬೇಕು. ಬೇರೆಲ್ಲ ಕಡೆ ಅದು ನಮ್ಮ ತಲೆಯ ಮೇಲಿರುತ್ತದೆ. ಕಾಣುವುದು ಹೊಟ್ಟೆ, ರೆಕ್ಕೆಯ ಅಡಿ, ಬಾಲ. ಸೇತುವೆಯ ಮೇಲೆ ನಿಂತಾಗ ಮಾತ್ರ ನಾವು ಮೇಲೆ, ಅದು ಕೆಳಗೆ. ಹೊಳೆಯ ಮೇಲೆ ಒಂದಾಳೆತ್ತರದಲ್ಲಿ ತೇಲಿಕೊಂಡು ಬಂದು ಕಮಾನಿನ ಹತ್ತಿರ ಗಾಳಿ ಎದ್ದ ಕೂಡಲೇ ಎಡ ರೆಕ್ಕೆ ಒಂದಿಷ್ಟು ಬಗ್ಗಿಸಿ ತಿರುಗುತ್ತದೆ. ಆ ತಿರುವಿನಲ್ಲಿ ಬೆನ್ನು ಪೂರ್ತಿ ಬಿಚ್ಚಿಕೊಳ್ಳುತ್ತದೆ. ದೂರದಿಂದ ಬರೀ ಕಂದು ಎನಿಸಿದ್ದ ಹಕ್ಕಿಯ ರೆಕ್ಕೆಯ ಮೇಲ್ಗಡೆ ಭುಜದಿಂದ ಓರೆಯಾಗಿ ಇಳಿದ ಒಂದು ತಿಳಿಯಾದ ಪಟ್ಟೆ ಇದೆ. ಒಣಗಿದ ಅಡಿಕೆ ಹಾಳೆಯ ಒಳಮೈ ಬಣ್ಣ. ಬಾಲ ತುದಿಯಲ್ಲಿ ಕವಲೊಡೆದು, ಚುಕ್ಕಾಣಿಯ ಕೆಲಸ ಮಾಡುತ್ತ ಒಂದು ಸಲ ಆಚೆ, ಒಂದು ಸಲ ಈಚೆ ತಿರುಚುತ್ತದೆ. ಪೆನ್ಸಿಲ್ ಹಿಡಿದವರಿಗೆ ಇಷ್ಟು ಸಿಕ್ಕರೆ ಬೆಳಗಿನ ಕೂಲಿ ಸಿಕ್ಕ ಹಾಗೆ.

ಕೆಳಗೆ ಕೋರ್ಪಲಯ್ಯನ ಛತ್ರದ ಮಂಟಪ ಮೊಳಕಾಲವರೆಗೆ ನೀರಿನಲ್ಲಿ ನಿಂತಿದೆ. ಊರಿನವರಿಗೆ ಅದು ಮಳೆಯ ಅಳತೆಗೋಲು. ಗಾಜನೂರಿನ ಅಣೆಕಟ್ಟೆಯ ಗೇಟು ತೆಗೆದರೆಂದು ಕೇಳಿದ್ದೇ ತಡ, ಕೊಡೆ ಹಿಡಿದು ಮಂಟಪ ಮುಳುಗಿತೇ ಎಂದು ನೋಡಲು ಬರುತ್ತಾರೆ. ಅಷ್ಟು ಜನ ಬಂದರೂ ಅವರ ಕಣ್ಣೆದುರೇ ಹಾರುವ ಹದ್ದನ್ನು ನೋಡಿ ಯಾರೂ ನಿಲ್ಲುವುದಿಲ್ಲ. ದಿನಾ ಕಾಣುವುದಕ್ಕೆ ನೋಟ ಬೇಡ ಎಂಬುದು ನಮ್ಮ ಲೆಕ್ಕ. ರಣಹದ್ದನ್ನೂ ಒಂದು ಕಾಲಕ್ಕೆ ನಾವು ಹೀಗೇ ಲೆಕ್ಕಕ್ಕಿಡದೆ ಬಿಟ್ಟಿದ್ದೆವು.

ಮೀನು ಮಾರುಕಟ್ಟೆಯ ಹಿಂಬದಿಗೆ ಹೋದರೆ ಹದ್ದುಗಳದ್ದು ಬೇರೆಯೇ ಸಂಸಾರ. ತಗಡಿನ ಮಾಡಿನ ಅಂಚಿಗೆ ಸಾಲಾಗಿ ಕೂತಿರುತ್ತವೆ. ಕತ್ತಿ ಮೀನಿನ ಹೊಟ್ಟೆಗೆ ಇಳಿದ ಸದ್ದಿಗೇ ಕತ್ತು ತಿರುಗುತ್ತದೆ. ಕರುಳು ಎಸೆದರೆ ಅದು ನೆಲ ಮುಟ್ಟುವ ಮೊದಲೇ ಕಾಲಿನಲ್ಲಿ ಸೆಳೆದುಕೊಂಡು, ಹಾರುತ್ತಲೇ ಕಾಲನ್ನು ಬಾಯಿಗೆ ತಂದು ತಿನ್ನುತ್ತವೆ. ನಾನು ಸ್ಕೆಚ್ ಪುಸ್ತಕ ತೆಗೆದದ್ದನ್ನು ಕಂಡು ಬಂಗಡೆ ಜೋಡಿಸುತ್ತಿದ್ದ ಅಕ್ಕನಿಗೆ ನಗು.

“ಏನಣ್ಣ, ಇದ್ನ ಬರೀತಿದೀಯಾ? ನವಿಲಾದ್ರೂ ಬರಿ. ಕಳ್ಳ ಹದ್ದು ಇದು.”

“ಹದ್ದು ಬರದೇ ಇದ್ರೆ ಏನಾಗ್ತದಕ್ಕಾ?”

“ಏನಾಗ್ತದೆ, ಮಧ್ಯಾಹ್ನಕ್ಕೆ ಮೂಗು ಬಿಡಕ್ಕಾಗಲ್ಲ ಇಲ್ಲಿ. ಮುನ್ಸಿಪಾಲ್ಟಿ ಗಾಡಿ ಬರೋದು ಯಾವಾಗ್ಲೋ.”

ಜೀವಶಾಸ್ತ್ರದ ಪುಸ್ತಕ ಎರಡು ಪುಟದಲ್ಲಿ ಹೇಳುವ ಸಂಗತಿಯನ್ನು ಅವರು ಕೈಯಲ್ಲಿದ್ದ ಮೀನು ಕೆಳಗಿಡದೆ ಹೇಳಿದರು.

ಮಾರುಕಟ್ಟೆಯ ಮೇಲೆ ಸುತ್ತುವುದರಲ್ಲಿ ಗರುಡವೂ ಇದೆ. ಕೆಂಗಂದು ಮೈ, ಬಿಳಿ ತಲೆ, ಬಿಳಿ ಎದೆ. ಹತ್ತಿರದಿಂದ ನೋಡಿದರೆ ಆ ಬಿಳುಪಿನ ಮೇಲೆ ಒಂದೊಂದು ಗರಿಗೂ ಕೂದಲೆಳೆಯಂಥ ಕಪ್ಪು ಗೆರೆ. ಬಾಲ ಕವಲಲ್ಲ, ಗುಂಡಗೆ. ಇದರ ಮರಿ ಮಾತ್ರ ಚಿತ್ರ ಬರೆಯುವವರಿಗೆ ಕಾಟ ಕೊಡುತ್ತದೆ. ಮೈಯೆಲ್ಲ ಕಂದಾಗಿದ್ದು ಥೇಟ್ ಹದ್ದೇ ಅನಿಸುತ್ತದೆ, ಬಾಲದ ತುದಿ ನೋಡಿಯೇ ತೀರ್ಮಾನಿಸಬೇಕು. ಗರುಡ ಕಂಡರೆ ಬಸ್ಸಿನೊಳಗಿಂದಲೂ ಕೈ ಮುಗಿಯುವವರಿದ್ದಾರೆ. ಪಕ್ಕದಲ್ಲೇ ಹಾರುವ ಹದ್ದಿಗೆ ಕಲ್ಲು. ಗೂಬೆ ಹೊಕ್ಕರೆ ಮನೆಗೇ ಬೀಗ. ರಣಹದ್ದು ಮಾಡಿನ ಮೇಲೆ ಕೂತರೆ ಶಾಂತಿ ಮಾಡಿಸಬೇಕು. ಇಷ್ಟೂ ಹಕ್ಕಿಗಳಿಗೆ ಒಂದೇ ನಮೂನೆಯ ಬಾಗಿದ ಕೊಕ್ಕು; ಮರ್ಯಾದೆ ಮಾತ್ರ ಒಂದೊಂದಕ್ಕೆ ಒಂದೊಂದು ಥರ. ಬಣ್ಣ ಹಿಡಿದವರು ಮೊದಲು ಕೈಬಿಡಬೇಕಾದದ್ದು ಈ ತಾರತಮ್ಯವನ್ನು. ಗರುಡದ ಎದೆಯ ಗೆರೆಗೆ ಎಷ್ಟು ಹೊತ್ತು ಕೊಟ್ಟೆವೋ ರಣಹದ್ದಿನ ಬೋಳು ಕತ್ತಿನ ಸುಕ್ಕಿಗೂ ಅಷ್ಟೇ ಹೊತ್ತು ಕೊಡಬೇಕು.

ಮಕ್ಕಳು ಬರೆದ ಗಿಡುಗದ ಚಿತ್ರ ನೋಡಿ. ಎಲ್ಲವೂ ಸಿಟ್ಟಿನಲ್ಲಿರುತ್ತವೆ. ಸಿನಿಮಾದ ವಿಲನ್ನಿಗೆ ಹಾಕುವ ಹಾಗೆ ಹುಬ್ಬನ್ನು ಗಂಟಿಕ್ಕಿಸಿ ಬಿಡುತ್ತಾರೆ. ತಪ್ಪು ಮಕ್ಕಳದ್ದಲ್ಲ, ಗಿಡುಗ, ಹದ್ದುಗಳ ಕಣ್ಣಿನ ಮೇಲೆ ನಿಜಕ್ಕೂ ಒಂದು ಎಲುಬಿನ ಏಣು ಮುಂದಕ್ಕೆ ಚಾಚಿಕೊಂಡಿದೆ. ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯದಿರಲು, ಬೇಟೆಯ ಹಿಂದೆ ಮುಳ್ಳುಕಂಟಿಗೆ ನುಗ್ಗಿದಾಗ ಕಣ್ಣಿಗೆ ಏಟಾಗದಿರಲು ಅದು ಆಸರೆ. ಅದರಿಂದಾಗಿ ಮುಖ ಕೋಪಿಷ್ಠನದ್ದಾಗಿ ಕಾಣುತ್ತದೆ, ಅಷ್ಟೆ. ರಣಹದ್ದಿಗೆ ಈ ಏಣು ಅಷ್ಟು ಎದ್ದಿಲ್ಲ. ನೇರ ನೋಡಿದರೆ ಅದರ ಮುಖ ಸಾಧುವಿನದ್ದು. ನಾವು ಕ್ರೂರಿ ಎಂದು ಹೆದರುವ ಹಕ್ಕಿಯ ಮುಖದಲ್ಲಿ ಕ್ರೌರ್ಯವಿಲ್ಲ. ಅದು ಯಾವುದನ್ನೂ ಕೊಂದು ತಿನ್ನುವುದೂ ಇಲ್ಲವೆನ್ನಬಹುದು, ಸತ್ತದ್ದಕ್ಕೆ ಮಾತ್ರ ಬರುತ್ತದೆ.

ಕಣ್ಣಿನ ಬಣ್ಣವೂ ಹಾಗೆ. ಶಿಕ್ರಾ ಎಂಬ ಪುಟ್ಟ ಗಿಡುಗ ಶಿವಮೊಗ್ಗದ ಬಡಾವಣೆಗಳಲ್ಲಿ ಹೊಂಗೆ, ಗುಲ್‌ಮೊಹರಿನ ಎಲೆ ಮರೆಯಲ್ಲಿ ಕೂತಿರುತ್ತದೆ. ಅಳಿಲು ಕಿರುಚುವುದು ಕೇಳಿಸಿದರೆ ಅದು ಅಲ್ಲೆಲ್ಲೋ ಇದೆ ಎಂದೇ ಅರ್ಥ. ಮರಿಗೆ ಹಳದಿ ಕಣ್ಣು, ಬೆಳೆದ ಗಂಡಿಗೆ ರಕ್ತಗೆಂಪು, ಹೆಣ್ಣಿಗೆ ಕಿತ್ತಳೆಗೆ ಹೊರಳಿದ ಹಳದಿ. ಆ ಒಂದು ಚುಕ್ಕೆ ಬಣ್ಣ ಇಟ್ಟ ಮೇಲೆ ಅದು ‘ಯಾವುದೋ ಗಿಡುಗ’ ಆಗಿ ಉಳಿಯುವುದಿಲ್ಲ. ಇಂಥ ವಯಸ್ಸಿನ, ಇಂಥ ಮರದ, ಇಂಥದೊಂದು ಹಕ್ಕಿ. ಗಾಜನೂರು, ಸಕ್ರೆಬೈಲಿನ ದಾರಿಯಲ್ಲಿ ಹಾವು ಹಿಡಿಯುವ ಪನ್ನಗಾರಿ ಸಿಗುತ್ತದೆ. ಕಣ್ಣಿನಿಂದ ಕೊಕ್ಕಿನವರೆಗೆ ಗರಿಯಿಲ್ಲದ ಹಳದಿ ಚರ್ಮ, ನೆತ್ತಿಯಲ್ಲಿ ಕಪ್ಪು ಬಿಳುಪಿನ ಜುಟ್ಟು, ಹೊಟ್ಟೆಯ ಮೇಲೆ ಬಿಳಿ ಬೊಟ್ಟುಗಳು. ಕೂತಾಗ ಅರಿಶಿನ ಬಳಿದುಕೊಂಡು ಮದುವೆಗೆ ಹೊರಟ ಗತ್ತು. ಹಾರಿದರೆ ರೆಕ್ಕೆಯಡಿಯ ಅಗಲ ಬಿಳಿ ಪಟ್ಟೆ ಮೈಲಿ ದೂರಕ್ಕೂ ಕಾಣುತ್ತದೆ.

ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಗೆ ಹೊರಟರೆ ಅರ್ಧ ಗಂಟೆಯ ಹಾದಿ. ಬೆಂಕಿಪುರ ಎಂದು ಕರೆಸಿಕೊಂಡಿದ್ದ ಊರು ಅದು. ಆಮೇಲೆ ನಿಜವಾದ ಬೆಂಕಿಯೇ ಬಂತು. ವಿಶ್ವೇಶ್ವರಯ್ಯನವರು ಹಟ ಹಿಡಿದು ಕಟ್ಟಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯದ್ದು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇಲ್ಲ, ಆದ್ದರಿಂದ ಕುಲುಮೆಗೆ ಹಾಕಿದ್ದು ಮಲೆನಾಡಿನ ಮರ ಸುಟ್ಟ ಇದ್ದಿಲು. ಕಾಡಿನೊಳಕ್ಕೆ ಟ್ರಾಮ್ ಹಳಿ ಹಾಕಿ ಸೌದೆ ತಂದರು. ಇದ್ದಿಲಿನ ಹೊಗೆಯಿಂದ ರಾಸಾಯನಿಕ ಇಳಿಸುವ ಘಟಕವೂ ಇತ್ತು, ಏನನ್ನೂ ಹಾಳು ಮಾಡದ ಮೈಸೂರಿನ ಲೆಕ್ಕಾಚಾರ. ಮುಂದೆ ವಿದ್ಯುತ್ ಕುಲುಮೆಗಳು ಬಂದವು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಬಾಯಿಗೆ ಬಿದಿರು, ನೀಲಗಿರಿ, ಕೊನೆಗೆ ಅಕೇಶಿಯಾ. ಪೇಪರ್ ಟೌನಿನ ಸೈರನ್ನಿಗೆ ಊರಿಗೆ ಊರೇ ಗಡಿಯಾರ ಹೊಂದಿಸುತ್ತಿದ್ದ ಕಾಲ ಮುಗಿದು ಹೋಗಿದೆ. ಕಾಗದದ ಯಂತ್ರಗಳು ನಿಂತಿವೆ, ಉಕ್ಕಿನ ಕಾರ್ಖಾನೆಯದ್ದು ಇಂದೋ ನಾಳೆಯೋ ಎಂಬ ಮಾತು. ಕೆಲಸ ಕಳೆದುಕೊಂಡ ಮನೆಗಳ ಮುಂದೆ ನಿಂತು ಕಾರ್ಖಾನೆ ಕಾಡು ತಿಂದಿತು ಎಂದು ಭಾಷಣ ಮಾಡಲು ನನಗೆ ಬಾಯಿ ಬರುವುದಿಲ್ಲ. ಆದರೂ ನಡೆದದ್ದು ನಡೆದದ್ದೇ. ಬೆನ್ನು ಬಿಳುಪಿನ ರಣಹದ್ದು ಗೂಡು ಕಟ್ಟುವುದು ಊರ ಸಮೀಪದ ದೊಡ್ಡ ಮರಗಳಲ್ಲಿ. ಪನ್ನಗಾರಿಗೂ ಬೇಕಾದದ್ದು ಎತ್ತರದ ಹಳೆಯ ಮರವೇ. ಅಕೇಶಿಯಾ ತೋಪು ಅವಕ್ಕೆ ಮನೆಯಾಗುವುದಿಲ್ಲ.

ರಣಹದ್ದನ್ನು ಬರೆಯಲು ನಾನು ಇದ್ದಿಲೇ ಬಳಸುತ್ತೇನೆ. ಜಲವರ್ಣದಲ್ಲಿ ಅದು ತೀರಾ ಸೊಗಸಾಗಿಬಿಡುತ್ತದೆ, ಎಣ್ಣೆ ಬಣ್ಣದಲ್ಲಿ ಭಾರ. ಒಲೆಯಲ್ಲಿ ಉಳಿದ ತೆಳ್ಳನೆಯ ಕೊಳ್ಳಿಯ ತುಂಡು ಸಾಕು, ರೆಕ್ಕೆಯ ಕಪ್ಪಿಗೆ ಬೇಕಾದ ಒರಟುತನ ತಾನಾಗಿ ಬರುತ್ತದೆ. ಬೆರಳಿನಿಂದ ಉಜ್ಜಿದರೆ ಕತ್ತಿನ ಸುತ್ತಲಿನ ತುಪ್ಪಳದ ಪಟ್ಟಿ. ಬೆನ್ನಿನ ಬುಡದ ಬಿಳುಪಿಗೆ ಏನನ್ನೂ ಹಚ್ಚಬಾರದು, ಕಾಗದವನ್ನು ಹಾಗೇ ಬಿಡಬೇಕು. ಭದ್ರಾವತಿಯ ಕಾಗದದ ಮೇಲೆ ಇದ್ದಿಲಿನಿಂದ ರಣಹದ್ದು! ಇದರ ವಿಪರ್ಯಾಸವನ್ನು ನಾನು ಬೇಕೆಂದು ಹುಡುಕಿಕೊಂಡು ಹೋದದ್ದಲ್ಲ, ಊರಿನ ಚರಿತ್ರೆ ತಾನೇ ಮೇಜಿನ ಮೇಲೆ ತಂದಿಟ್ಟಿತು.

ಕಷ್ಟವಿರುವುದು ಮಾದರಿಯದ್ದು. ಹದ್ದಿಗೆ ಸೇತುವೆ ಇದೆ, ಶಿಕ್ರಾಗೆ ಹೊಂಗೆ ಮರ. ರಣಹದ್ದನ್ನು ಎಲ್ಲಿ ನೋಡಿ ಬರೆಯುವುದು? ಐವತ್ತೈದು, ಅರವತ್ತು ದಾಟಿದವರನ್ನು ಕೇಳಿದರೆ ಊರಾಚೆ ದನ ಎಳೆದು ಹಾಕುವ ಜಾಗದಲ್ಲಿ ಹಿಂಡು ಹಿಂಡಾಗಿ ಇಳಿಯುತ್ತಿದ್ದುದನ್ನು ಹೇಳುತ್ತಾರೆ. ಮೊದಲು ಒಂದು, ಆಮೇಲೆ ಆಕಾಶದ ಯಾವ ಮೂಲೆಯಿಂದಲೋ ಹತ್ತು, ಮತ್ತೆ ಲೆಕ್ಕವಿಲ್ಲ. ಒಂದು ಎಮ್ಮೆ ಒಪ್ಪೊತ್ತಿನಲ್ಲಿ ಎಲುಬಾಗುತ್ತಿತ್ತು. ಕೊಳೆಯುವುದಕ್ಕೂ ಪುರುಸೊತ್ತಿರಲಿಲ್ಲ. ಈಗ ನಮ್ಮ ರಾಜ್ಯದಲ್ಲಿ ಉದ್ದ ಕೊಕ್ಕಿನ ರಣಹದ್ದು ನೋಡಬೇಕೆಂದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿ ಬಂಡೆಯ ಬಿರುಕುಗಳತ್ತ ದುರ್ಬೀನು ಹಿಡಿದು ಕೂರಬೇಕು. 2012ರಲ್ಲಿ ಅದು ರಣಹದ್ದಿಗೆಂದೇ ಮೀಸಲಾದ ದೇಶದ ಮೊದಲ ಅಭಯಾರಣ್ಯವಾಯಿತು. ಬೆನ್ನು ಬಿಳುಪಿನದು, ಕೆಂಪು ತಲೆಯದು ಬಂಡೀಪುರ, ನಾಗರಹೊಳೆಯ ಕಾಡಿನಲ್ಲಿ ಉಳಿದಿವೆ.

ಹೋದದ್ದು ಹೇಗೆ ಎಂಬ ಕಥೆ ಒಂದು ಇಂಜೆಕ್ಷನ್ನಿನದ್ದು. 1990ರ ದಶಕದ ಕೊನೆಯಲ್ಲಿ ರಾಜಸ್ಥಾನದ ಭರತಪುರದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಅವರು ಖಾಲಿಯಾದ ಗೂಡುಗಳನ್ನೂ ಕತ್ತು ಜೋಲಿಸಿಕೊಂಡು ಕೂತ ಹಕ್ಕಿಗಳನ್ನೂ ಕಂಡರು. ಕಾರಣ ಗೊತ್ತಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ. ದನದ ನೋವಿಗೆ, ಊತಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಚಿಕಿತ್ಸೆ ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ಒಳಗಿನ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕೂರುತ್ತದೆ. ಸಾವಿಗೆ ಮುಂಚೆ ಕತ್ತು ಜೋತು ಬೀಳುತ್ತದೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಂತತಿ ನೆಲಕಚ್ಚಲು ಅದು ಸಾಕಾಯಿತು, ಏಕೆಂದರೆ ಒಂದು ಹೆಣಕ್ಕೆ ಹಿಂಡೇ ಇಳಿಯುತ್ತದೆ. ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. 1992ರಿಂದ 2007ರ ನಡುವೆ ಭಾರತದಲ್ಲಿ ಬೆನ್ನು ಬಿಳುಪಿನ ರಣಹದ್ದು ಶೇಕಡ 99.9ರಷ್ಟು ಕುಸಿಯಿತು. ಸಾವಿರ ಇದ್ದ ಕಡೆ ಒಂದು.

ಇದು ಗೊತ್ತಾದ ಮೇಲೆ ಚಿತ್ರದ ಒಂದು ಸಂಗತಿ ನನ್ನನ್ನು ಕಾಡಲು ಶುರುವಾಯಿತು. ರಣಹದ್ದೆಂದರೆ ಸಾಮಾನ್ಯವಾಗಿ ನಾವು ಬರೆಯುವುದು ಒಣ ಕೊಂಬೆಯ ಮೇಲೆ ಕತ್ತು ಇಳಿಬಿಟ್ಟು ಕೂತ ಹಕ್ಕಿ. ಕಾರ್ಟೂನಿನಲ್ಲೂ ಅದೇ, ಜಾಗೃತಿಯ ಪೋಸ್ಟರಿನಲ್ಲೂ ಅದೇ. ಹಕ್ಕಿ ದಣಿದಾಗ, ನಿದ್ದೆಯಲ್ಲಿ ಹಾಗೆ ಕೂರುವುದುಂಟು, ಸುಳ್ಳಲ್ಲ. ಗಂಟೆಗಟ್ಟಲೆ, ದಿನಗಟ್ಟಲೆ ಹಾಗೇ ಕೂತರೆ ಮಾತ್ರ ಅದು ಕಾಯಿಲೆಯ ಗುರುತು. ಉಳಿಸಿ ಎಂದು ಕೇಳುವ ಚಿತ್ರದಲ್ಲಿ ಸಾಯುತ್ತಿರುವ ಭಂಗಿಯನ್ನೇ ಹಕ್ಕಿಯ ಸ್ವಭಾವವೆಂದು ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಹಾರುವ ರಣಹದ್ದನ್ನು ಬರೆಯಿರಿ. ಆರಡಿ ದಾಟುವ ರೆಕ್ಕೆಯನ್ನು ಒಮ್ಮೆಯೂ ಬಡಿಯದೆ, ಬಿಸಿಗಾಳಿಯ ಸುಳಿಯೊಂದನ್ನು ಹತ್ತಿಕೊಂಡು, ಇನ್ನೊಂದಕ್ಕೆ ಜಾರಿಕೊಂಡು ಮಧ್ಯಾಹ್ನದ ಆಕಾಶವನ್ನು ಅಳೆಯುವ ಹಕ್ಕಿ ಅದು. ರೆಕ್ಕೆಯ ತುದಿಯ ಗರಿಗಳು ಬೆರಳು ಬಿಡಿಸಿದಂತೆ ಬೇರೆ ಬೇರೆ ನಿಲ್ಲುತ್ತವೆ. ಇದ್ದಿಲಿಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ಬೇಟೆ ಹಕ್ಕಿಯ ಚಿತ್ರಕ್ಕೂ ಅದರ ಸಾವಿಗೂ ಹಳೆಯ ನಂಟಿದೆ. ಜಹಾಂಗೀರ್ ಬಾದಶಹನಿಗೆ ಇರಾನಿನ ಷಾ ಅಬ್ಬಾಸ್ ಒಂದು ಅಪರೂಪದ ಡೇಗೆಯನ್ನು ಕಳಿಸಿದ್ದ. ದಾರಿಯಲ್ಲಿ ಬೆಕ್ಕು ಕಚ್ಚಿ ಗಾಯವಾಗಿ, ಆಸ್ಥಾನಕ್ಕೆ ಬಂದ ಸ್ವಲ್ಪ ದಿನದಲ್ಲೇ ಅದು ಸತ್ತಿತು. ಅದರ ಚೆಲುವು ಹೇಳತೀರದು ಎಂದ ಬಾದಶಹ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರನಿಗೆ ಚಿತ್ರ ಬರೆಯಲು ಅಪ್ಪಣೆ ಕೊಟ್ಟ. 1619ರ ಸುಮಾರಿನ ಮಾತು. ಅಮೆರಿಕದ ಚಿತ್ರಕಾರ ಆಡುಬಾನ್ ಹಕ್ಕಿಗಳನ್ನು ಗುಂಡಿಕ್ಕಿ ಕೊಂದು, ತಂತಿ ಚುಚ್ಚಿ ಹಾರುವ ಭಂಗಿಯಲ್ಲಿ ನಿಲ್ಲಿಸಿಕೊಂಡು ಬರೆಯುತ್ತಿದ್ದ. 435 ಫಲಕಗಳ ಅವನ ಮಹಾಗ್ರಂಥ ಹಾಗೆ ಹುಟ್ಟಿತು. ಇಲ್ಲೇ ಮದರಾಸಿನಲ್ಲಿ 1840ರ ದಶಕದಲ್ಲಿ ಜೆರ್ಡನ್ ಎಂಬ ವೈದ್ಯ ಹೊರತಂದ 50 ಫಲಕಗಳ ಭಾರತೀಯ ಪಕ್ಷಿಗಳ ಪುಸ್ತಕಕ್ಕೆ ಚಿತ್ರ ಬರೆದ ಕೈಗಳು ನಮ್ಮ ನಾಡಿನವರವು. ಅವರಿಗೆಲ್ಲ ಹಕ್ಕಿ ಮೊದಲು, ಚಿತ್ರ ಆಮೇಲೆ. ಚಿತ್ರ ಉಳಿದು ಹಕ್ಕಿ ಹೋಗಬಹುದೆಂಬ ಯೋಚನೆ ಅವರ ತಲೆಗೆ ಬಂದಿರಲಾರದು.

ನಮ್ಮ ಜಿಲ್ಲೆಯಲ್ಲಿ ಬೇಟೆ ಹಕ್ಕಿಗೆ ಕಲ್ಲಿನ ಗೌರವ ಧಾರಾಳವಾಗಿ ಸಂದಿದೆ, ಒಂದೇ ಕೊರತೆ: ಅಂಥ ಹಕ್ಕಿ ಲೋಕದಲ್ಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ಮನುಷ್ಯನ ಮೈ, ಎರಡು ಹಕ್ಕಿತಲೆ. ಕೆಳದಿಯ ರಾಮೇಶ್ವರ, ವೀರಭದ್ರ ಗುಡಿಗಳ ಸಮುಚ್ಚಯದಲ್ಲಿ ಛಾವಣಿಯ ಗಂಡಭೇರುಂಡ ಸಿಂಹವನ್ನೂ ಆನೆಯನ್ನೂ ಕೊಕ್ಕು ಉಗುರುಗಳಲ್ಲಿ ಹಿಡಿದು ಹಾರುತ್ತದೆ. ಗಂಡಭೇರುಂಡವೇ ಈಗ ಸರ್ಕಾರದ ಲಾಂಛನ, ಪಹಣಿಯಿಂದ ಹಿಡಿದು ಪೊಲೀಸರ ಸಮನ್ಸಿನವರೆಗೆ ಎಲ್ಲದರ ಮೇಲೂ ಕೂತಿದೆ. ಕೆಳದಿಯ ಶಿಲ್ಪಿ ಆ ಉಗುರಿನ ಬಾಗು, ಮೇಲ್ಕೊಕ್ಕು ಕೆಳಗಿಳಿದು ಮಡಚಿಕೊಳ್ಳುವ ಬಗೆ ಎಲ್ಲಿಂದ ಕಲಿತ? ಅಂಗಳದ ಮೇಲೆ ಹಾರುತ್ತಿದ್ದ ಯಾವುದೋ ಸಾಧಾರಣ ಗಿಡುಗದಿಂದಲೇ. ಆ ಸಾಧಾರಣ ಹಕ್ಕಿಗೆ ಒಂದು ಮೊಳ ಗೋಡೆಯೂ ಸಿಗಲಿಲ್ಲ.

ಅಕ್ಟೋಬರ್ 2ರಿಂದ 8ರ ವನ್ಯಜೀವಿ ಸಪ್ತಾಹದಲ್ಲಿ ಶಾಲೆ ಶಾಲೆಗೂ ಚಿತ್ರಸ್ಪರ್ಧೆ ನಡೆಯುತ್ತದೆ. ಡ್ರಾಯಿಂಗ್ ಶೀಟು, ಪೋಸ್ಟರ್ ಕಲರು, ನೀರಿನ ಲೋಟ, ಕೆಳಗೆ ಹಾಸಿದ ಹಳೆಯ ಪೇಪರು. ಬಹುಪಾಲು ಹಾಳೆಗಳಲ್ಲಿ ಹುಲಿ. ಉಳಿದದ್ದರಲ್ಲಿ ಆನೆ, ನವಿಲು, ಕಣ್ಣೀರಿಡುವ ಭೂಮಿ, ಕೊಡಲಿ ಹಿಡಿದ ಮನುಷ್ಯ. ಮಗು ಬರೆಯುವುದು ಬಹುಮಾನ ಬಂದ ಹಿಂದಿನ ಚಿತ್ರವನ್ನು ನೋಡಿ. ಹದ್ದು ಬರೆದರೆ ತೀರ್ಪುಗಾರರು ಮೆಚ್ಚುವುದಿಲ್ಲವೆಂದು ಅದಕ್ಕೂ ಗೊತ್ತು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಜಾತಿಗಳನ್ನು ಪರಿಶೀಲಿಸಿ 178ಕ್ಕೆ ತುರ್ತು ಗಮನ ಬೇಕು ಎಂದಿತು. ಕುಸಿಯುತ್ತಿರುವವುಗಳ ಸಾಲಿನಲ್ಲಿ ಬೇಟೆ ಹಕ್ಕಿಗಳು ಮುಂದೆಯೇ ಇವೆ. ಸ್ಪರ್ಧೆಯ ಹಾಳೆಗೆ ಆ ವರದಿ ಇನ್ನೂ ತಲುಪಿಲ್ಲ. ಒಂದು ವರ್ಷ ‘ನಿಮ್ಮ ಮನೆಯ ಮೇಲೆ ನಿನ್ನೆ ಹಾರಿದ ಹಕ್ಕಿ’ ಎಂದಷ್ಟೇ ವಿಷಯ ಕೊಟ್ಟು ನೋಡಲಿ. ಮಕ್ಕಳು ಮೊದಲು ಆಕಾಶ ನೋಡಬೇಕಾಗುತ್ತದೆ.

ಘೋಷಣೆಗಳ ಬಗ್ಗೆ ನನಗೆ ತಾಳ್ಮೆ ಕಡಿಮೆ. ಪರಿಸರ ಉಳಿಸಿ ಎಂದು ದಪ್ಪಕ್ಷರದಲ್ಲಿ ಬರೆದ ಗೋಡೆಯ ಕೆಳಗೇ ಕಸ ಬಿದ್ದಿರುವುದನ್ನು ಎಲ್ಲ ಊರಿನಲ್ಲೂ ನೋಡಬಹುದು. ಈಚೆಗೆ ನಮ್ಮ ನಗರಗಳ ಗೋಡೆಗೆ ಬಣ್ಣ ಬರುತ್ತಿದೆ, ಅದು ಸಂತೋಷವೇ. ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟಿದ್ದ ಬೋರ್ಡ್ ಬರೆಯುವವರಿಗೆ ಸ್ವಲ್ಪ ಕೆಲಸ ಸಿಗುತ್ತಿದೆ. ಅವರ ಕೈ ದೊಡ್ಡದು. ಸಿನಿಮಾ ನಟನ ಮುಖವನ್ನು ಇಪ್ಪತ್ತಡಿಗೆ ಚೌಕ ಹಾಕಿ ಹಿಗ್ಗಿಸಿ, ಅಟ್ಟಣಿಗೆಯ ಮೇಲೆ ನಿಂತು, ಹಿಂದೆ ಸರಿದು ನೋಡದೆಯೇ ಮೂಗು ಸರಿಯಾಗಿ ತರುತ್ತಿದ್ದವರು. ಅವರಿಗೆ ಉದ್ಯಾನದ ಗೋಡೆ ಕೊಟ್ಟು ಹಂಸ, ಸೂರ್ಯೋದಯ ಬರೆಸುತ್ತಾರಲ್ಲ, ಅದೊಂದು ಬೇಸರ. ಉದ್ಯಾನಕ್ಕೆ ಬರುವವರು ಯಾರೂ ಹದ್ದು ಕೊಲ್ಲುವವರಲ್ಲ.

ನನ್ನ ಎಣಿಕೆ ಇಷ್ಟು: ಬೇಟೆ ಹಕ್ಕಿಯ ಚಿತ್ರ ಇರಬೇಕಾದದ್ದು ಅದರ ಸಾವು ಎಲ್ಲಿಂದ ಬರುತ್ತದೋ ಅಲ್ಲಿ, ಇಲ್ಲವೇ ಅದು ಅನ್ನ ಹುಡುಕಿಕೊಂಡು ಬರುವಲ್ಲಿ. ಆಷಾಢದ ಗಾಳಿಪಟಕ್ಕೆ ದಾರ ಮಾರುವ ಬೀದಿಯಲ್ಲಿ ರೆಕ್ಕೆ ಬಿಚ್ಚಿದ ಗರುಡ. ಗಾಜಿನ ಪುಡಿ ಹಚ್ಚಿದ ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದರೂ ಅದು ರೆಕ್ಕೆಯ ಕೀಲಿಗೆ ಸಿಕ್ಕಿಕೊಳ್ಳುವುದು ನಿಂತಿಲ್ಲ. ಗೊಬ್ಬರ, ಕ್ರಿಮಿನಾಶಕದ ಅಂಗಡಿಯ ಷಟರ್ ಮೇಲೆ ಕಣಜದ ಗೂಬೆ. ಹೃದಯದ ಆಕಾರದ ಬಿಳಿ ಮುಖ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಕತ್ತಲಲ್ಲಿ ಹುಲ್ಲಿನಡಿ ಇಲಿ ಹೊರಳಿದ ಜಾಗ ಆ ಏರುಪೇರಿನಿಂದಲೇ ಅದಕ್ಕೆ ತಿಳಿಯುತ್ತದೆ. ಇಲಿ ಪಾಷಾಣ ತಿಂದು ಅಡ್ಡಾಡುವ ಇಲಿಯನ್ನು ಹಿಡಿದರೆ ಗೂಬೆಯೂ ಹೋಯಿತು. ಮೀನು ಮಾರುಕಟ್ಟೆಯ ಹಿಂಗೋಡೆ ಹದ್ದಿಗೇ ಇರಲಿ, ಆ ಅಕ್ಕನಿಗೂ ಒಂದು ಮೂಲೆಯಲ್ಲಿ ಜಾಗ ಕೊಟ್ಟು. ಲಕ್ಕವಳ್ಳಿಯ ಅಣೆಕಟ್ಟಿನ ದಾರಿಗೆ ಮೀನುಡೇಗೆ. ಹಕ್ಕಿ ನೋಡುವವರು ಆಸ್ಪ್ರೆ ಎನ್ನುತ್ತಾರೆ. ಚಳಿಗಾಲಕ್ಕೆ ಭದ್ರಾ ಹಿನ್ನೀರಿಗೆ ಬರುವ ಈ ಅತಿಥಿ ಎತ್ತರದಿಂದ ಕಾಲು ಮುಂದೆ ಚಾಚಿ ನೀರಿಗೆ ಧುಮುಕುತ್ತದೆ, ಎದ್ದ ಮೇಲೆ ಮೀನಿನ ತಲೆ ಮುಂದೆ ಬರುವಂತೆ ತಿರುಗಿಸಿ ಹಿಡಿದು ಹಾರುತ್ತದೆ, ಗಾಳಿ ತಡೆಯದಿರಲೆಂದು. ಅಂಗಾಲಿನ ಮುಳ್ಳುಮುಳ್ಳಾದ ಹುರುಪೆಯನ್ನು ಬರೆಯಲು ಬೋರ್ಡ್ ಬರೆಯುವವರ ಚೂಪು ಕುಂಚವೇ ಬೇಕು.

ರಣಹದ್ದಿನ ಜಾಗ ಪಶು ಆಸ್ಪತ್ರೆ. ಅಲ್ಲಿಗೆ ಹಸು ಹೊಡೆದುಕೊಂಡು ಬಂದವರು ಸರದಿಗೆ ಕಾಯುತ್ತ ಗೋಡೆಯನ್ನೇ ನೋಡುತ್ತಾ ಕೂರುವುದು. ಡೈಕ್ಲೊಫೆನಾಕನ್ನು ಪಶುಗಳಿಗೆ ಕೊಡಬಾರದೆಂದು 2006ರಲ್ಲೇ ಸರ್ಕಾರ ತಡೆಯಿತು. ಮನುಷ್ಯರಿಗೆಂದು ಬರುವ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತವೆಂದು ತಿಳಿದು 2015ರಲ್ಲಿ ಒಂದು ಸಲಕ್ಕಾಗುವ 3 ಮಿಲಿಲೀಟರಿನ ಸೀಸೆ ಮಾತ್ರ ಸಾಕೆಂದಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಕೂಡ ಪಶುಗಳ ಪಟ್ಟಿಯಿಂದ ಹೊರಬಿದ್ದವು. ರಣಹದ್ದು ಇಲ್ಲವಾದ ಕಡೆ ಹೆಣ ಕೊಳೆತು, ನಾಯಿ ಹೆಚ್ಚಿ, ನೀರು ಕೆಟ್ಟು 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಮನುಷ್ಯರು ಹೆಚ್ಚುವರಿಯಾಗಿ ಸತ್ತರೆಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಲೆಕ್ಕ ಹಾಕಿದರು. ಈ ಅಂಕಿಗಳನ್ನೆಲ್ಲ ಗೋಡೆಗೆ ತುಂಬಬಾರದು. ಹಾರುವ ಹಕ್ಕಿ ದೊಡ್ಡದಾಗಿ, ಕೆಳಗೆ ಎರಡೇ ಹೆಸರು: ಮೆಲೊಕ್ಸಿಕಾಮ್, ಟಾಲ್ಫೆನಾಮಿಕ್ ಆಸಿಡ್. ದನದ ನೋವೂ ಇಳಿದು ರಣಹದ್ದೂ ಬದುಕುವ ಔಷಧಿಗಳು ಇವು.

“ಹಸಿನಾಸ್ಪತ್ರೇಲಿ ಹದ್ದು ಯಾಕ್ರೀ ಬರ್ದಿದಾರೆ ಡಾಕ್ಟ್ರೇ?” ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವ ಪಾಳಿ ಆಗ ಸಿರಿಂಜು ಹಿಡಿದವರದ್ದು. ಬೋರ್ಡ್ ಬರೆಯುವವರಿಗೆ ನಾನು ಹೇಳುವುದಿಷ್ಟೇ: ಒಳಗೋಡೆ ಸಿಕ್ಕರೆ ಒಳ್ಳೆಯದು, ಹೊರಗೋಡೆಯಾದರೆ ಮೊದಲು ಪಾಚಿ ಕೆರೆದು ಪ್ರೈಮರ್ ಎರಡು ಕೋಟ್ ಹೊಡೆದು, ಹೊರಗಿನ ಎಮಲ್ಷನ್ನನ್ನೇ ಬಳಸಿ. ಪೋಸ್ಟರ್ ಕಲರಿನ ರಣಹದ್ದು ನಮ್ಮ ಜೂನ್ ತಿಂಗಳನ್ನು ದಾಟುವುದಿಲ್ಲ.